ಗಾಜು ತಣಿಯುವವರೆಗೆ

ಇವತ್ತು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳವನ್ನು ಹೊತ್ತಿಗೆ ಮುಂಚೆ ಎತ್ತಿ ಹೆಂಡತಿಯಿಂದ ಬೈಸಿಕೊಂಡೆ. ಹಬೆ ಕನ್ನಡಕಕ್ಕೆ ಮೆತ್ತಿ ಏನೂ ಕಾಣದೆ ನಿಂತಾಗ ನೆನಪಾದವರು ಡೊಂಬಿವಲಿಯ ಚಿಕ್ಕಪ್ಪ. ಮುಚ್ಚಳ ಕಂಡರೆ ಎತ್ತದೆ ಇರಲಾಗದ ಈ ಚಟ ನಮ್ಮ ಮನೆತನದ್ದು. ನನ್ನೊಬ್ಬನದೆಂದು ದಯವಿಟ್ಟು ತಿಳಿಯಬೇಡಿ.

ಉಡುಪಿಯಿಂದ ಬಂದ ಚಿಕ್ಕಪ್ಪ ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ದಿನವಿಡೀ ಸಾಂಬಾರಿನ ಮುಚ್ಚಳ ಎತ್ತಿ ಮೂಗು ಇಳಿಸುವುದೇ ಅವರ ಆಡಳಿತ. ಚಿಕ್ಕಮ್ಮನಿಗೆ ಮಾತ್ರ, ಮಕ್ಕಳು ಕಾಲೇಜು ಸೇರಿದ ಮೇಲೆ, ಗಾಜಿನ ಹುಚ್ಚು ಹಿಡಿಯಿತು. ಥಾಣೆಯ ಕ್ಲಾಸಿಗೆ ಹೋಗಿ ಗಾಜಿನ ಶಿಲ್ಪ ಕಲಿತರು. ಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ವಿದ್ಯುತ್ ಭಟ್ಟಿಯಲ್ಲಿ ಕಾಯಿಸಿದರೆ ಅವು ಬೆಸೆದು ಒಂದಾಗುತ್ತವೆ. ಅದನ್ನು ಅಚ್ಚಿನ ಮೇಲಿಟ್ಟು ಮತ್ತೊಮ್ಮೆ ಕಾಯಿಸಿದರೆ ಬೇಕಾದಂತೆ ಬಾಗುತ್ತದೆ. ಉಲ್ಹಾಸನಗರದಲ್ಲಿ ಮಾಡಿಸಿದ ಭಟ್ಟಿ ಬಾಲ್ಕನಿಯಲ್ಲಿ, ತುಳಸಿಯನ್ನು ಪಕ್ಕಕ್ಕೆ ಸರಿಸಿ, ಕುಳಿತಿತು. ಅದು ಕಾಯುವಾಗ ಫ್ಯೂಸ್ ಹೋಗಬಾರದೆಂದು ಗೀಸರ್ ಇಲ್ಲ, ಮಿಕ್ಸರ್ ಇಲ್ಲ, ಇಸ್ತ್ರಿಯೂ ಇಲ್ಲ. ಆಗ ಅವರ ಮನೆಯಲ್ಲೇ ಇದ್ದ ನಾನು ಸುಕ್ಕು ಅಂಗಿಯಲ್ಲೇ ಲೋಕಲ್ ರೈಲು ಹತ್ತುತ್ತಿದ್ದೆ.

“ಭಾಭೀ, ಆಜ್ ಕ್ಯಾ ಪಕಾ ರಹೀ ಹೋ?” ಎಂದು, ಇವತ್ತೇನು ಬೇಯಿಸುತ್ತಿದ್ದೀರಿ ಅಂತ ಪಕ್ಕದ ಮನೆಯಾಕೆ ಕೇಳಿದರೆ, ಚಿಕ್ಕಮ್ಮ “ಸಮುಂದರ್”, ಅಂದರೆ ಸಮುದ್ರ, ಎನ್ನುತ್ತಿದ್ದರು.

ಸುಳ್ಳೇನಲ್ಲ. ವಾಶಿಯ ಪ್ರದರ್ಶನವೊಂದರಲ್ಲಿ ಮೊದಲ ಸಲ ಅವರಿಗೆ ಜಾಗ ಸಿಕ್ಕಿತ್ತು. ಅದಕ್ಕೆಂದು ಮಲ್ಪೆ ಕಡಲಿನ ಅಲೆಯೊಂದನ್ನು ಮಾಡುತ್ತಿದ್ದರು. ಕಾದ ಗಾಜು ನಿಧಾನಕ್ಕೆ ತಣಿಯಬೇಕು, ತಟ್ಟನೆ ಗಾಳಿ ತಗುಲಿದರೆ ಒಡೆಯುತ್ತದೆ, ಮರುದಿನದವರೆಗೆ ಯಾರೂ ಭಟ್ಟಿಯ ಮುಚ್ಚಳ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿದ್ದರು. ಮಧ್ಯಾಹ್ನ ಊಟಕ್ಕೆ ಬಂದ ಚಿಕ್ಕಪ್ಪ, “ಬೆಂದಿದೆಯಾ ನೋಡುವ” ಎಂದು ಒಂದು ಬೆರಳಷ್ಟು ಎತ್ತಿಯೇಬಿಟ್ಟರು. ಒಳಗೆ ಟಣ್ ಎಂದಿತು.

“ಇದು ನಿಮ್ಮ ಸಾಂಬಾರ್ ಅಲ್ಲ ಮಾರಾಯ್ರೆ!”

ಚಿಕ್ಕಮ್ಮ ಹೇಳಿದ್ದು ಅಷ್ಟೇ. ಅಲೆ ಎರಡು ಹೋಳಾಗಿತ್ತು. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಬಂತು. ತಟ್ಟೆಯ ಮುಂದೆ ಉಣ್ಣದೆ ಕೂತ ಅವರನ್ನು ನೋಡಿ ಪಾಪವೂ ಅನಿಸಿತು.

ಉಳಿದ ಗಾಜು ಇನ್ನೊಂದೇ ಅಲೆಗೆ ಸಾಲುತ್ತಿತ್ತು. ಎರಡನೆಯ ಸಲ ಭಟ್ಟಿ ಆರಿಸಿದಾಗ ಚಿಕ್ಕಪ್ಪ ಗಲ್ಲಾ ಬಿಟ್ಟು ಬಂದು, ಬಾಲ್ಕನಿ ಬಾಗಿಲಿಗೆ ಕುರ್ಚಿ ಹಾಕಿ ಕೂತರು. ಹೋಟೆಲಿನಿಂದ ಫೋನಿನ ಮೇಲೆ ಫೋನು. ಚಿಕ್ಕಪ್ಪನದು ಒಂದೇ ಉತ್ತರ: “ರುಚಿ ನೀವೇ ನೋಡಿ ಮಾರಾಯ್ರೆ, ನನಗೆ ಕೆಲಸ ಉಂಟು!” ಸಂಜೆಯಾಗುತ್ತಲೇ ತಾಳ್ಮೆ ತಪ್ಪಿದ್ದು ಯಾರದು ಅಂದುಕೊಂಡಿರಿ? ಚಿಕ್ಕಮ್ಮನದು!

“ಸ್ವಲ್ಪ ಸರಿಯಿರಿ. ಒಂಚೂರು ನೋಡ್ತೇನೆ.”

“ಆಗುದಿಲ್ಲ. ನಾಳೆ ಮುಟ್ಟಿ ನೋಡು, ತಣ್ಣಗಿದ್ರೆ ತೆಗಿ.”

ಮರುದಿನ ಚಿಕ್ಕಮ್ಮನೇ ಮುಚ್ಚಳ ಎತ್ತಿದರು. ಅಲೆ ಇಡಿಯಾಗಿತ್ತು. ಎತ್ತಿ ಹಿಡಿದಾಗ ಅದರೊಳಗಿಂದ ಹಾದ ಬಿಸಿಲು ಚಿಕ್ಕಪ್ಪನ ಬಿಳಿ ಬನಿಯನ್ನಿನ ಮೇಲೆ ನೀಲಿಯಾಗಿ ಬಿತ್ತು. ಅವರು ಅಲ್ಲಾಡದೆ ನಿಂತುಬಿಟ್ಟರು.

ವಾಶಿಯ ಪ್ರದರ್ಶನ ಮುಗಿಸಿ ಆ ಅಲೆ ಮನೆಗೆ ಮರಳಿತು. ಒಡೆದ ಅಲೆಯ ದೊಡ್ಡ ಹೋಳನ್ನು ಅಂಚು ಉಜ್ಜಿಸಿ ಚಿಕ್ಕಪ್ಪ ಗಲ್ಲಾದ ಮೇಲೆ ಸೋಂಪಿನ ತಟ್ಟೆ ಮಾಡಿಕೊಂಡರು. ಗಿರಾಕಿಗಳು ಚಂದ ಅಂದರೆ ಎದೆಯುಬ್ಬಿಸಿ ಹೇಳುತ್ತಿದ್ದರು: “ಇದು ನಾನು ಒಡೆದದ್ದು. ಹೆಂಡತಿ ಮಾಡಿದ್ದು ನೋಡ್ಬೇಕಾದ್ರೆ ಮನೆಗೆ ಬನ್ನಿ.”

ಕನ್ನಡಕ ಒರೆಸಿ, ಇಡ್ಲಿ ಪಾತ್ರೆ ಮುಚ್ಚಿ, ನಾನು ಒಲೆಯ ಪಕ್ಕ ಸ್ಟೂಲು ಎಳೆದು ಕೂತೆ.

“ಇಲ್ಲೆಂತ ಮಾಡ್ತಿದ್ದೀರಿ?” ಎಂದಳು ಹೆಂಡತಿ.

“ಕಾವಲು” ಎಂದೆ. “ನೀನೂ ಮುಟ್ಟಬೇಡ.”