ಅರ್ಜೆಂಟಿಗೆ ಹೋದ ಟಗರು

'ಚಿತ್ತಯ್ಯನಾ? ಅಂಥ ಮಗ ನಂಗಿಲ್ಲ ಸಾಮಿ. ನಂಗೆ ಮಕ್ಳೇ ಇಲ್ಲ.'

ಹೆತ್ತ ತಾಯಿ ಆಡಿದ ಮಾತು ಇದು. ಆಡಿದ್ದು ಪೊಲೀಸ್ ಪೇದೆಯ ಮುಂದೆ. ಮಗ ಕುಡುಕನಲ್ಲ, ಕಳ್ಳನಲ್ಲ, ಹೆಂಡತಿ ಮಾತು ಕೇಳಿ ತಾಯಿಯನ್ನು ಬೀದಿಗೆ ಹಾಕಿದವನೂ ಅಲ್ಲ. ಆಕೆಗೆ ಅವನೆಂದರೆ ಪ್ರಾಣ. ಪ್ರಾಣವಾಗಿದ್ದರಿಂದಲೇ ಇಲ್ಲ ಅಂದಳು. ಆ ಒಂದು ಮಾತಿಗೆ ಮಗನ ಕುವೈತ್ ಕೆಲಸ ಹೋಯಿತು.

ತಾಯಿಯನ್ನು ಬೈಯಲು ಬಾಯಿ ತೆರೆಯುವ ಮೊದಲು ಪೂರ್ತಿ ಕೇಳಿ. ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ. ಈ ವಾರ ಆ ಕೆಲಸ ನನ್ನದು. (ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಹೇಳುವುದು ಸುಲಭ. ಅವರ ಟಗರು ಹೋಗಿಲ್ಲವಲ್ಲ.)

ಚಿತ್ತಯ್ಯ ಕುರಿ ಕಾಯುವವನು. ಪಾವಗಡದ ಆಚೆ, ರಾಯಚರ್ಲು ಕಡೆಯ ಒಂದು ಹಟ್ಟಿಯವನು. ನನಗೂ ಅವನಿಗೂ ಇರುವುದು ಹೊಲದ ನಂಟು. ಹೊಳವನಹಳ್ಳಿ ಹತ್ತಿರ ನಮ್ಮಪ್ಪ ಬಿಟ್ಟುಹೋದ ಒಂದು ತುಂಡು ಹೊಲವಿದೆ. ನಾನಿರುವುದು ಮಧುಗಿರಿಯಲ್ಲಿ; ಅಂಚೆ ಕಚೇರಿಯ ತಂತಿ ಕೌಂಟರಿನ ಹಿಂದೆ ಕೂತು ಊರವರ ಸಾವು, ಹೆರಿಗೆ, 'ಸ್ಟಾರ್ಟ್ ಇಮ್ಮೀಡಿಯೇಟ್ಲಿ'ಗಳ ಪದ ಎಣಿಸುತ್ತೇನೆ. ಹೊಲದಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ಚಿತ್ತಯ್ಯ, ಅವನ ಹೆಂಡತಿ, ಕುರಿಗಳನ್ನು ಹೊಡೆದುಕೊಂಡು ಬರುತ್ತಾರೆ. ಮಂದೆ ನಮ್ಮ ಹೊಲದಲ್ಲಿ ಮಲಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ, ನಾವು ಅವನಿಗೆ ರಾಗಿ ಕೊಡುತ್ತೇವೆ. ಅವನಪ್ಪನಿಗೆ ನಮ್ಮಪ್ಪ ಹೀಗೇ ಕೊಡುತ್ತಿದ್ದರು. ಈ ವ್ಯವಹಾರಕ್ಕೆ ಅರ್ಜಿ ಇಲ್ಲ, ಮೊಹರಿಲ್ಲ, ಏಜೆಂಟನೂ ಇಲ್ಲ. ಒಂದು ವರ್ಷವೂ ತಡವಾಗಿಲ್ಲ.

ಈ ಸಲ ಬಂದವನು ಕಂಬಳಿಯ ಮಡಿಕೆಯಿಂದ ಒಂದು ಕಾಗದ ತೆಗೆದ. ಅವನ ಭಾಮೈದ ಕುವೈತಿನಲ್ಲಿ ಒಬ್ಬ ಅರಬ್ಬಿ ಸಾಹುಕಾರನ ಕುರಿ ಕಾಯುತ್ತಾನೆ. ಇನ್ನೊಬ್ಬ ಆಳು ಬೇಕಂತೆ. ರಂಜಾನ್ ಶುರುವಾಗುವುದರೊಳಗೆ ಬಂದು ಸೇರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವನಿಗೆ.

'ಕುರಿ ಕಾಯೋಕೆ ಅಷ್ಟು ದೂರ ಹೋಗ್ತೀಯೇನೋ?' ಅಂದೆ.

'ಕುರಿ ಎಲ್ಲಾದ್ರೂ ಕುರೀನೇ ಕಣ್ ಸಾಮಿ. ಇಲ್ಲಿ ಕಾಯೋದ್ರಾಗೆ ಅರ್ಧ ನಮ್ಮೂರ ಗೌಡ್ರುವು. ಮರಿ ಹಾಕಿದ್ರೆ ಪಾಲು. ಅಲ್ಲಿ ಎಲ್ಡು ವರ್ಸ ತಿಪ್ಪರಲಾಗ ಹಾಕಿ ಬಂದ್ಬುಟ್ರೆ ಮಂದೆಯೆಲ್ಲ ನಂದೇ ಆಯ್ತದೆ. ನನ್ ಮಗ ಕಾಯೋ ಕುರಿ ಗೌಡ್ರುದಾಗ್ಬಾರ್ದು.'

ಇಷ್ಟೇ ಅವನ ಆಸೆ. ಬಂಗಲೆಯಲ್ಲ, ಕಾರಲ್ಲ. ತಾನು ಕಾಯುವ ಕುರಿ ತನ್ನದಾಗಬೇಕು.

ನನಗೆ ಚಿಂತೆ ಹತ್ತಿಕೊಂಡಿತು. (ಬೇರೆಯವರಿಗೆ ಕಷ್ಟ ಬಂದ ಮೇಲೆ ಚಿಂತೆ ಬರುತ್ತದೆ. ನನಗೆ ಮೊದಲೇ ಬಂದು ಜಾಗ ಹಿಡಿದಿರುತ್ತದೆ.) ಮರುಭೂಮಿಯಲ್ಲಿ ಇವನಿಗೆ ಬಿಸಿಲು ತಡೆಯುತ್ತದೆಯೇ? ಮುದ್ದೆ ಸಿಗುತ್ತದೆಯೇ? ಒಂಟೆ ಕಚ್ಚಿದರೆ? ಇಷ್ಟೆಲ್ಲ ಚಿಂತಿಸಿದವನು ಚಿಂತಿಸಬೇಕಾದ್ದನ್ನೇ ಮರೆತೆ. ಪಾಸ್‌ಪೋರ್ಟ್!

ಶಿರಾ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಏಜೆಂಟನಿದ್ದಾನೆ ಅಂದರು. ಇಬ್ಬರೂ ಹೋದೆವು. ಗೋಡೆ ತುಂಬ ವಿಮಾನದ ಕ್ಯಾಲೆಂಡರು. ಏಜೆಂಟ ಚಿತ್ತಯ್ಯನ ಕಂಬಳಿಯನ್ನೂ ನನ್ನ ಕನ್ನಡಕವನ್ನೂ ಒಮ್ಮೆ ನೋಡಿ, ಫೋಟೋ ಸ್ಟುಡಿಯೋದವನು ಕೇಳುವಂತೆ ಕೇಳಿದ:

'ಆರ್ಡಿನರಿನಾ, ಅರ್ಜೆಂಟಾ?'

'ಎರಡಕ್ಕೂ ಏನು ವ್ಯತ್ಯಾಸ?' ಅಂದೆ.

'ಆರ್ಡಿನರಿ ಆದ್ರೆ ಈ ದೀಪಾವಳಿಗೂ ಬರಬಹುದು, ಮುಂದಿನ ದೀಪಾವಳಿಗೂ ಬರಬಹುದು. ಅರ್ಜೆಂಟ್ ಆದ್ರೆ ಫಟಾಫಟ್.'

ಚಿತ್ತಯ್ಯನಿಗೆ ನಿಜವಾಗಿ ಅರ್ಥವಾಗಲಿಲ್ಲ. 'ಯಾಕ್ ಸಾಮಿ ಅಷ್ಟ್ ತಡ? ಕಾಗ್ದ ನಡ್ಕಂಡ್ ಹೋಯ್ತದಾ?'

'ಕಾಗದ ನಡೆಯಲ್ಲಪ್ಪಾ, ಕೂತ್ಕೊಳ್ಳುತ್ತೆ. ಪ್ರತಿ ಟೇಬಲ್ ಮೇಲೂ ಕೂತ್ಕೊಳ್ಳುತ್ತೆ. ಎಬ್ಬಿಸ್ಬೇಕು.'

'ಎಬ್ಬಿಸೋ ದುಡ್ಡು ಯಾರಿಗೆ ಹೋಗುತ್ತೆ?' ಅಂತ ನಾನು.

'ಮೇಲೆ' ಅಂದ. ಮೇಲೆ ನೋಡಿದೆ. ಜೇಡರ ಬಲೆ ಕಟ್ಟಿದ ಫ್ಯಾನು ನಿಂತಿತ್ತು.

'ರಸೀದಿ ಕೊಡ್ತೀರಾ?'

'ಸಾರ್ ಒಳ್ಳೇ ತಮಾಷೆ ಮಾಡ್ತಾರೆ' ಅಂತ ಚಿತ್ತಯ್ಯನ ಕಡೆ ತಿರುಗಿ ನಕ್ಕ. ಚಿತ್ತಯ್ಯ ಪಾಪ, ದೊಡ್ಡವರು ನಕ್ಕರೆ ನಗಬೇಕು ಅಂತ ತಾನೂ ನಕ್ಕ.

ಆರ್ಡಿನರಿಗೆ ಕಾದರೆ ರಂಜಾನ್ ದಾಟಿಹೋಗುತ್ತದೆ. ಅವನಿಗಿದ್ದ ಆಯ್ಕೆಯಾದರೂ ಯಾವುದು? ಮುಂದಿನ ಸಂತೆಯಲ್ಲಿ ಮಂದೆಯ ಬೀಜದ ಟಗರನ್ನು ಮಾರಿದ. ಸಾಮಾನ್ಯ ಟಗರಲ್ಲ ಅದು. ತಾಯಿ ಸತ್ತ ಮರಿಯನ್ನು ಅವನ ಹೆಂಡತಿ ಮೇಕೆ ಹಾಲು ಕುಡಿಸಿ ಬೆಳೆಸಿದ್ದಳು. ಬೀಡು ಬದಲಿಸುವಾಗ ಮಂದೆಯ ಮುಂದೆ ಅದೇ ನಡೆಯುತ್ತಿತ್ತು. ಮಾರಿ ಬಂದ ದಿನ ಆಕೆ ಒಲೆ ಹಚ್ಚಲಿಲ್ಲ. ಅವನು ಮಾತ್ರ, 'ಓಗ್ಲಿ ಬುಡು, ಬಂದ ಮ್ಯಾಲೆ ಅಂಥವು ಹತ್ತು ತರಾನ' ಅಂತ ಅವಳಿಗೂ ತನಗೂ ಹೇಳಿಕೊಂಡ.

ಅರ್ಜೆಂಟ್ ಕೆಲಸ ಮಾಡಿತು. ಸುಳ್ಳು ಹೇಳಬಾರದು, ಭರ್ಜರಿಯಾಗಿ ಮಾಡಿತು. ಪಾಸ್‌ಪೋರ್ಟಿಗೆ ಮೊದಲು ಪೊಲೀಸರು ಊರಿಗೆ ಬಂದು, ಈ ಮನುಷ್ಯ ಇಲ್ಲಿಯವನೇ ಅಂತ ವಿಚಾರಿಸಿ ಬರೆದುಕೊಂಡು ಹೋಗಬೇಕು. ಮಾಮೂಲಿಯಾಗಿ ಆ ಕಡೆ ಇದಕ್ಕೊಂದು ಕ್ರಮವಿದೆ. ಠಾಣೆಯಿಂದ ತಳವಾರನ ಕೈಲಿ ಹೇಳಿ ಕಳಿಸುತ್ತಾರೆ, ಇಂಥ ದಿನ ಬರುತ್ತೇವೆ ಅಂತ. ತಳವಾರ ಹಟ್ಟಿಗೆ ಬಂದು ಕೂಗುತ್ತಾನೆ. ಕುರಿ ಹಿಂದೆ ಹೋದವನಿಗೆ ಯಾರಾದರೂ ಸುದ್ದಿ ಮುಟ್ಟಿಸುತ್ತಾರೆ. ಅವನು ಬಂದು, ತೊಳೆದ ಪಂಚೆ ಉಟ್ಟು, ಜಗಲಿ ಮೇಲೆ ಕೂತಿರುತ್ತಾನೆ. ನಿಧಾನ, ಆದರೆ ಕೆಡದ ಕೆಲಸ.

ಅರ್ಜೆಂಟಿಗೆ ತಳವಾರನನ್ನು ಕಾಯುವ ಪುರುಸೊತ್ತೆಲ್ಲಿ? ಆ ವಾರವೇ ಪೇದೆ ಒಬ್ಬನೇ ಸೈಕಲ್ ತುಳಿದುಕೊಂಡು ಸೀದಾ ಹಟ್ಟಿಗೆ ನುಗ್ಗಿದ.

ಅವತ್ತು ಚಿತ್ತಯ್ಯ ಎಲ್ಲಿದ್ದ? ನನ್ನ ಹೊಲದಲ್ಲಿ!

ಇದೆಲ್ಲ ನಮಗೆ ಗೊತ್ತಾದದ್ದು ಬೇಸಿಗೆ ಏರಿದ ಮೇಲೆ. ಅಲ್ಲಿವರೆಗೂ ಏಜೆಂಟನದು ಒಂದೇ ಮಂತ್ರ, 'ಬರ್ತಾ ಇದೆ'. ನನಗೆ ನಿದ್ದೆ ಕೆಟ್ಟಿತು. ರಜೆ ಹಾಕಿ ಶಿರಾಕ್ಕೆ ಹೋಗಿ ಅವನ ಮುಂದೆ ಕೂತೆ. ಆಗ ಬಾಯಿಬಿಟ್ಟ: 'ರಿಪೋರ್ಟ್ ಉಲ್ಟಾ ಹೋಗಿದೆ ಸಾರ್. ಆ ವಿಳಾಸದಲ್ಲಿ ಅಂಥ ವ್ಯಕ್ತಿ ಯಾರೂ ಇಲ್ಲ ಅಂತ.'

'ಯಾವಾಗ ಹೋಗಿದ್ದು?'

'ಆವಾಗಲೇ. ಅರ್ಜೆಂಟಲ್ವಾ?'

ನೋಡಿ, ಹೇಗಿದೆ! ಇಲ್ಲ ಅನ್ನುವ ರಿಪೋರ್ಟಿಗೂ ಅರ್ಜೆಂಟು. ಅದನ್ನು ನಮಗೆ ತಿಳಿಸುವುದಕ್ಕೆ ಮಾತ್ರ ಆರ್ಡಿನರಿ.

'ಈಗೇನು ಮಾಡೋದು?'

'ರೀ-ವೆರಿಫಿಕೇಶನ್ ಮಾಡಿಸ್ಬೇಕು. ಅದರಲ್ಲೂ ಎರಡಿದೆ ಸಾರ್...'

ಎರಡು ಯಾವುವು ಅಂತ ಅವನು ಹೇಳಿ ಮುಗಿಸಲಿಲ್ಲ. ನಾನು ಕೂಗಿದೆ. ಜೀವನದಲ್ಲಿ ಬಸ್ ಕಂಡಕ್ಟರ್ ಮೇಲೂ ಕೂಗದವನು ನಾನು. 'ನೀನು ಟಗರು ತಿಂದು ಕೊಂಬು ವಾಪಸ್ ಕೊಡ್ತಿದ್ದೀಯ, ಅದಕ್ಕೂ ದುಡ್ಡು ಕೇಳ್ತಿದ್ದೀಯ' ಅಂದೆ. ಪಕ್ಕದ ಅಂಗಡಿಯವರು ಬಂದು ನೋಡಿದರು. ಏಜೆಂಟ ಒಂದಿಷ್ಟೂ ಕೋಪ ಮಾಡಿಕೊಳ್ಳದೆ, 'ಕೂತ್ಕೊಳ್ಳಿ ಸಾರ್, ನೀರು ಕುಡೀರಿ' ಅಂದ. ಅದೇ ನನ್ನನ್ನು ಇವತ್ತಿಗೂ ಉರಿಸುತ್ತಿರುವುದು. ಅವನಿಗೆ ನಾಚಿಕೆಯಾಗಲಿಲ್ಲ. ತಾನು ಉಪಕಾರ ಮಾಡುತ್ತಿದ್ದೇನೆ ಅಂತಲೇ ಅವನು ನಂಬಿದ್ದಾನೆ!

ಆ ವಾರವೇ ನನ್ನ ಕೌಂಟರಿಗೆ ಒಂದು ತಂತಿ ಬಂತು. ನನ್ನ ವಿಳಾಸದ ಮೂಲಕ ಚಿತ್ತಯ್ಯನಿಗೆ. ಬೇರೆಯವನನ್ನು ತೆಗೆದುಕೊಂಡರು, ಈ ಸಲ ಬರಬೇಡ, ಮುಂದಿನ ವರ್ಷ ನೋಡೋಣ, ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೋ ಅಂತ ಭಾಮೈದ. ಹೊಳವನಹಳ್ಳಿ ಬಸ್ಸು ಹತ್ತಿ ಹೊಲಕ್ಕೆ ಹೋಗಿ ನಾನೇ ಓದಿ ಹೇಳಿದೆ. ಚಿತ್ತಯ್ಯ ಮಂದೆಯ ಕಡೆ ನೋಡಿದ. ಮುಂದೆ ನಡೆಯುವ ಟಗರಿಲ್ಲದೆ ಕುರಿಗಳು ಚೆಲ್ಲಾಪಿಲ್ಲಿಯಾಗಿ ಮೇಯುತ್ತಿದ್ದವು.

ಸಮುದ್ರ ದಾಟಿ ಆ ತಂತಿ ಬಂದದ್ದು ಆರ್ಡಿನರಿಯಲ್ಲಿ. ಮರುದಿನವೇ ಬಂತು. ನನ್ನ ಕೌಂಟರಿನಲ್ಲೂ ಅರ್ಜೆಂಟ್ ಇದೆ ಸ್ವಾಮಿ. ಎಕ್ಸ್‌ಪ್ರೆಸ್ ತಂತಿಗೆ ಎರಡು ಪಟ್ಟು ದರ. ದರಪಟ್ಟಿ ಗೋಡೆಗೆ ಅಂಟಿಸಿದ್ದೇವೆ, ಕಟ್ಟಿದ್ದಕ್ಕೆ ರಸೀದಿ ಹರಿದು ಕೊಡುತ್ತೇವೆ. ಆದರೆ ಎಕ್ಸ್‌ಪ್ರೆಸ್ ಕಟ್ಟಲಿ ಅಂತ ನಾನು ಆರ್ಡಿನರಿ ತಂತಿಯನ್ನು ತೊಡೆಯಡಿ ಇಟ್ಟುಕೊಂಡು ಕೂರುವುದಿಲ್ಲ. 'ತಾಯಿ ಸೀರಿಯಸ್' ಅನ್ನುವ ಕಾಗದದ ಮೇಲೆ ಕಾಫಿ ಲೋಟ ಇಟ್ಟು, ಇದನ್ನು ಎಬ್ಬಿಸುವುದಕ್ಕೆ ಬೇರೆ ಆಗುತ್ತದೆ ಅನ್ನುವುದಿಲ್ಲ.

ಈ ಏಜೆಂಟರು, ಅವರ ಹಿಂದೆ 'ಮೇಲೆ' ಕೂತವರು ಮಾರುವುದು ವೇಗವನ್ನಲ್ಲ. ಅವರ ಬಳಿ ಅದು ಎಲ್ಲಿದೆ? ಅವರು ಮೊದಲು ತಡವನ್ನು ಬೆಳೆಯುತ್ತಾರೆ. ನೀರು ಹಾಯಿಸಿ, ಗೊಬ್ಬರ ಹಾಕಿ, ಬೇಲಿ ಕಟ್ಟಿ ಬೆಳೆಯುತ್ತಾರೆ. ಆಮೇಲೆ ಬೇಲಿಯಲ್ಲಿ ಒಂದು ಕಿಂಡಿ ಬಿಟ್ಟು, ಕಿಂಡಿಯಲ್ಲಿ ನುಸುಳಲು ಇಷ್ಟು ಅನ್ನುತ್ತಾರೆ. ದುಡ್ಡು ಬಿದ್ದ ವಾರವೇ ಸೈಕಲ್ ಓಡುತ್ತದೆ ಎಂದರೆ, ದುಡ್ಡು ಬೀಳದಿದ್ದಾಗ ಆ ಸೈಕಲ್ಲಿಗೆ ಏನಾಗಿತ್ತು? ಪಂಕ್ಚರ್ರೇ?

ಯಾವ ಕಚೇರಿ, ಯಾರು ಅಂತ ನಾನು ಹೆಸರು ಬರೆಯುವುದಿಲ್ಲ. (ನಾನೂ ಸರ್ಕಾರಿ ಸಂಬಳದವನು. ಇಷ್ಟು ಬರೆದದ್ದಕ್ಕೇ ನನ್ನ ಹೆಂಡತಿ ವರ್ಗಾವಣೆಗೆ ಟ್ರಂಕು ಒರೆಸಿಟ್ಟಿದ್ದಾಳೆ.) ಆದರೆ ನನ್ನ ಪಕ್ಕದ ಕೌಂಟರಿನವರು ಹೇಳಿದ ಮಾತು ಬರೆಯಲೇಬೇಕು. 'ಎಲ್ಲರೂ ಕೊಡ್ತಾರೆ ಬಿಡ್ರೀ. ಬೇಗ ಆಗುತ್ತಲ್ಲ.' ಯಾರಿಗೆ ಬೇಗ ಆಗುತ್ತದೆ? ಒಬ್ಬನ ಕಾಗದ ಮೇಲೆ ಬಂದರೆ ಇನ್ನೊಬ್ಬನದು ಕೆಳಗೆ ಹೋಗಲೇಬೇಕು. ಚಿತ್ತಯ್ಯನಿಗಾದರೂ ಮಾರಲು ಟಗರಿತ್ತು. ಟಗರೂ ಇಲ್ಲದವನ ಕಾಗದ ಯಾವ ತಳದಲ್ಲಿ ಗೆದ್ದಲು ಹಿಡಿಯುತ್ತಿದೆಯೋ!

ಕಳೆದ ಭಾನುವಾರ ಚಿತ್ತಯ್ಯನ ಜೊತೆ ಪಾವಗಡದ ಬಸ್ಸು ಹತ್ತಿದೆ. ಇಡೀ ಹಟ್ಟಿ ಬಲ್ಲ ಮನುಷ್ಯನನ್ನು 'ಇಲ್ಲ' ಅಂದವರು ಯಾರು ಅಂತ ನೋಡಬೇಕಿತ್ತು.

ಯಾರು ಅಂದರೆ, ಎಲ್ಲರೂ!

ಪೇದೆ ಬಂದಾಗ ಬೇವಿನ ಮರದ ಕೆಳಗಿದ್ದ ಮುದುಕರು, 'ಆ ಪೇರುತೋ ಎವರೂ ಲೇರು ಸಾಮೀ, ಆ ಹೆಸ್ರಿನೋರು ಯಾರೂ ಇಲ್ಲ' ಅಂತ ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರಂತೆ. ನೀರು ಹೊತ್ತು ಬರುತ್ತಿದ್ದ ಹೆಂಗಸರು ತಲೆ ಅಲ್ಲಾಡಿಸಿದರಂತೆ. ಕೊನೆಗೆ ಪೇದೆ ಹೋಗಿ ನಿಂತದ್ದು ಚಿತ್ತಯ್ಯನ ತಾಯಿ ಕ್ಯಾತಮ್ಮನ ಬಾಗಿಲಿಗೇ.

ಆ ಹಟ್ಟಿಯಲ್ಲಿ ಅದೊಂದು ಕಟ್ಟು. ಖಾಕಿ ಹಾಕಿದವನು ಹೇಳದೆ ಕೇಳದೆ ಬಂದು ಕುರಿಯವನ ಹೆಸರು ಕೇಳಿದರೆ, ಹೆಸರೂ ಹೇಳಬಾರದು, ಮಂದೆ ಹೋದ ದಿಕ್ಕೂ ಹೇಳಬಾರದು. ಕುರಿ ಯಾವುದೋ ತೋಪಿಗೆ ಬಾಯಿ ಹಾಕಿದೆ, ಕೇಸು ಬಂದಿದೆ ಅಂತಲೇ ಅದರರ್ಥ.

'ಯಾಕವ್ವಾ ಅಂಗಂದೆ?' ಚಿತ್ತಯ್ಯ ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

'ಇನ್ನೇನನ್ಲೋ? ಸೈಕ್ಲಿಂದ ಇಳೀದೇನೇ ಕೇಳ್ದ ಕಣ್ಲಾ, ಎಲ್ಲವ್ನೆ ಚಿತ್ತಯ್ಯ, ಬೇಗ್ ಹೇಳು, ಬೇಗ್ ಹೇಳು ಅಂತ. ಒಳ್ಳೇದು ಮಾಡಾಕ್ ಬಂದೋನು ಅಂಗೆ ಅವಸ್ರ ಮಾಡ್ತಾನೇನ್ಲಾ? ನಿಮ್ ಚಿಕ್ಕಪ್ಪನ್ನ ಎಳ್ಕಂಡೋದೋರೂ ಇಂಗೇ ಕೇಳಿದ್ರು. ನಂಗೆ ಮಕ್ಳೇ ಇಲ್ಲ ಅಂದ್ಬುಟ್ಟೆ. ಅವ್ನು ಬರ್ಕಂಡ, ಓದ.'

'ಪಾಸ್‌ಪೋರ್ಟಿಗೆ ಬಂದಿದ್ದು ಕಣವ್ವಾ ಅವ್ನು!'

'ಅವನ್ಯಾಕೆ ಅಂಗನ್ಲಿಲ್ಲ? ಒಂದ್ ಮಾತು ಅಂದಿದ್ರೆ ಮಜ್ಗೆ ಕೊಟ್ಟು ಕುಂಡ್ರಿಸ್ತಿರ್ಲಿಲ್ವಾ?'

ಅಂದಿರಲಿಲ್ಲ. ಅಷ್ಟು ಹೇಳುವ ವ್ಯವಧಾನ ಅವನಿಗಿರಲಿಲ್ಲ. ಆ ವ್ಯವಧಾನವನ್ನೇ ಅಲ್ಲವೇ ನಾವು ಟಗರು ಕೊಟ್ಟು ತೆಗೆಸಿಹಾಕಿದ್ದು!

ಕ್ಯಾತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಇನ್ನೂ ದಾರಿ ಇದೆಯಾ ಅಂತ ಕೇಳಿದಳು. ಮುಂದಿನ ವರ್ಷಕ್ಕೆ ನೋಡಬಹುದು, ಆದರೆ ಮೊದಲು ಆ ರಿಪೋರ್ಟು ತಿದ್ದಿಸಬೇಕು, ಪೊಲೀಸರು ಮತ್ತೆ ಬರಬೇಕು, ಅದಕ್ಕೂ ಏಜೆಂಟ ಬೇರೆ ಕೇಳುತ್ತಿದ್ದಾನೆ ಅಂತ ವಿವರಿಸಿದೆ. ಆಕೆ ಮಗನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. 'ಮೇಲೆ' ಇರುವವರು ಯಾರಾದರೂ ಈ ಅಂಕಣ ಓದುತ್ತಿದ್ದರೆ, ದಯವಿಟ್ಟು ದರ ತಿಳಿಸಬೇಕು:

'ಮಗ ಇಲ್ಲ ಅಂತ ಬರ್ಕಂಡೋದಾಗ ಯಾರೂ ಏನೂ ಕೇಳ್ಲಿಲ್ಲ. ಈಗ ಅವ್ನೆ ಅಂತ ಬರ್ಸಾಕೆ ಎಷ್ಟ್ ಕೊಡ್ಬೇಕು ಸಾಮಿ?'