ಚಿಕ್ಕಪ್ಪ ಎಳೆದ ವಯರುಗಳು

ಹಳೆಯ ಸ್ವಿಚ್ಚು ಒಳಗೊಳಗೇ ಕಾದಾಗ ಹಸಿ ಮೀನಿನ ವಾಸನೆ ಬರುತ್ತದೆ. ಎಷ್ಟು ಜನಕ್ಕೆ ಇದು ಗೊತ್ತೋ ಕಾಣೆ. ಹೋದ ತಿಂಗಳು ಊಟಿಯ ಬಾಡಿಗೆ ಮನೆಯಲ್ಲಿ ಗೀಸರಿನ ಪ್ಲಗ್ಗು ಕಾದು ಆ ವಾಸನೆ ಎದ್ದಾಗ, ಮೊದಲು ಮೇನ್ ಸ್ವಿಚ್ಚು ಆರಿಸಬೇಕೆಂದು ಗೊತ್ತಿದ್ದೂ ನಾನು ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ. ಗೂಡಲೂರಿನ ನಮ್ಮ ಮನೆ ಕಣ್ಣ ಮುಂದೆ ಬಂದಿತ್ತು. ಈಗ ಅಲ್ಲಿ ಮೂರಂತಸ್ತಿನ ಲಾಡ್ಜ್ ಇದೆ. ಮೈಸೂರು ಕಡೆಯಿಂದ ಬರುವವರು ಅದರ ಮುಂದೆ ಕಾರು ನಿಲ್ಲಿಸಿ ಟೀ ಪುಡಿ ಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ವಾಸನೆ ಶುರುವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ನನಗೆ ಹತ್ತು ವರ್ಷವಿದ್ದಾಗ. ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದು ದಿನಸಿ ಅಂಗಡಿ ಇಟ್ಟ ಲಿಂಗಾಯತರ ಮನೆ. ನಡುಮನೆಯಲ್ಲಿ ಮೀನು ನಾತವೆಂದರೆ ಅಜ್ಜಿ ಸುಮ್ಮನಿರುವುದುಂಟೆ? ಪಕ್ಕದ ಮನೆಯ ಕಿಟಕಿಯ ಕಡೆ ನೋಡಿ ಗೊಣಗುತ್ತಾ ಮೂರು ಹೊತ್ತೂ ಸಾಂಬ್ರಾಣಿ ಹಾಕಿದಳು. ಆದರೆ ಪಕ್ಕದವರು ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದಾಗಲೂ ವಾಸನೆ ಬಂತು. ಆಗ ನನ್ನ ಅಮ್ಮ ಗೋಡೆಗುಂಟ ಮೂಸುತ್ತಾ ಹೋಗಿ ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಮುಂದೆ ನಿಂತಳು. "ಅತ್ತೆ, ಇದ್ರಿಂದ ಬತ್ತಾ ಐತೆ ಕಣತ್ತೆ," ಅಂದಳು. 

ಆ ಬೋರ್ಡು ಮಾಡಿದ್ದು ನಂಜುಂಡ ಚಿಕ್ಕಪ್ಪ, ಅಪ್ಪನ ತಮ್ಮ. ಚೇರಂಬಾಡಿಯ ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಕೆಲಸಕ್ಕಿದ್ದವನು, ಅಲ್ಲಿಯ ಎಲೆಕ್ಟ್ರಿಷಿಯನ್ನರ ಹಿಂದೆ ಮುಂದೆ ತಿರುಗಿ ವಿದ್ಯೆ ಕಲಿತನಂತೆ. ಮನೆಗೆ ಕರೆಂಟು ಬಂದಾಗ ಹೊರಗಿನವರನ್ನು ಕರೆಯಲು ಬಿಡದೆ, ತೊಲೆಗಳ ಮೇಲೆ ಮರದ ಪಟ್ಟಿ ಬಡಿದು, ಅದರ ಮೇಲೆ ರಬ್ಬರಿನ ವಯರು ಎಳೆದು, ಎಲ್ಲ ಕೋಣೆಗೂ ದೀಪ ಕೊಟ್ಟವನು ಅವನೇ. ನಾನು ಹುಟ್ಟುವ ಮೊದಲೇ ಕಾಮಾಲೆಯಾಗಿ ತೀರಿಕೊಂಡ. ಅವನ ಒಂದು ಪಟ ಗೋಡೆಯಲ್ಲಿತ್ತು. ಆದರೆ ಅಜ್ಜಿ ಆ ಪಟದ ಮುಂದೆ ನಿಂತದ್ದನ್ನು ನಾನು ನೋಡಿದ್ದು ಕಡಿಮೆ. ಸಂಜೆ ದೀಪ ಹಾಕುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸ್ವಿಚ್ಚು ಒತ್ತಿ, ಬಲ್ಬಿಗೆ ಕೈಮುಗಿದು, ಆ ಕರಿಯ ಗುಂಡಿಯ ಮೇಲೆ ಬೆರಳನ್ನು ಇನ್ನೊಂದಿಷ್ಟು ಹೊತ್ತು ಇಟ್ಟುಕೊಂಡೇ ಇರುತ್ತಿದ್ದಳು.

ಅಪ್ಪ ಬಜಾರಿನಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆತಂದರು. ಅವನು ಬೋರ್ಡು ಬಿಚ್ಚಿ ಒಳಗೆ ಟಾರ್ಚು ಬಿಟ್ಟವನೇ ನಕ್ಕುಬಿಟ್ಟ. "ಯಾವ ಮುಠ್ಠಾಳನ ಕೆಲ್ಸ ಸಾರ್ ಇದು?" ಅಂದ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಏಳಯ್ಯ. ಮೊದ್ಲು ನನ್ ಮನೆಯಿಂದ ಆಚೆ ನಡಿ." ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದರು. ಅವನು ಹೋದ ಮೇಲೆ ನೇತಾಡುತ್ತಿದ್ದ ಬೋರ್ಡಿಗೆ ಅಪ್ಪನೇ ಸ್ಕ್ರೂ ಹಾಕಿದರು. ಅಲ್ಲಿಂದ ಎರಡು ವರ್ಷ ಆ ಮನೆಯಲ್ಲಿ ವಯರಿನ ಮಾತನ್ನು ಯಾರೂ ಎತ್ತಲಿಲ್ಲ. ಫ್ಯೂಸು ಹೋದಾಗೆಲ್ಲ ಅಪ್ಪ ಮೊದಲಿಗಿಂತ ದಪ್ಪನೆಯ ತಂತಿ ಕಟ್ಟುತ್ತಿದ್ದರು. ಅಂಗಡಿಯಲ್ಲಿ ಹಗಲೆಲ್ಲ ನಿಂತು ಬಂದವರಿಗೆ ಅಜ್ಜಿಯೊಡನೆ ವಾದ ಮಾಡುವ ತ್ರಾಣ ಉಳಿದಿರುತ್ತಿರಲಿಲ್ಲ. ಅಮ್ಮ ಮಾತ್ರ ಶಾಕ್ ಹೊಡೆಯದಿರಲೆಂದು ತನ್ನದೇ ಉಪಾಯ ಕಂಡುಕೊಂಡಿದ್ದಳು. ಅಡುಗೆಮನೆಯ ಸ್ವಿಚ್ಚು ಹಾಕುವಾಗ ಮರದ ಮಣೆಯ ಮೇಲೆ ನಿಂತು ಸೌಟಿನ ಮರದ ಹಿಡಿಯಿಂದ ಒತ್ತುತ್ತಿದ್ದಳು. ಗೋಡೆ ಒದ್ದೆಯಾಗಿದ್ದ ದಿನ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. "ನಿಂಗೂ ಮುಂದೆ ಇದೇ ಪಾಡು ಇದ್ದೇ ಇರ್ತದೆ ಕಣೇ, ಈಗ ಆಚೆ ಕೂತ್ಕೊ," ಅನ್ನುತ್ತಿದ್ದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು.

ಒಂದು ಜೂನ್ ಬೆಳಗ್ಗೆ, ದೋಸೆಗೆ ರುಬ್ಬುವಾಗ, ಅವಳು ಮಣೆ ಹಾಕಿಕೊಳ್ಳುವುದನ್ನು ಮರೆತಳು. ಗ್ರೈಂಡರಿನ ತಗಡಿಗೆ ಕೈ ತಗುಲಿದ್ದೇ ಕರೆಂಟು ಹಿಡಿದುಕೊಂಡುಬಿಟ್ಟಿತು. ಕೂಗಿಕೊಳ್ಳಲಿಲ್ಲ. ಗಂಟಲಿನಿಂದ ಒಂದು ಸಣ್ಣ ಗೊರಗೊರ ಸದ್ದು, ಅಷ್ಟೆ. ಬಾಗಿಲಲ್ಲಿದ್ದ ನಾನು ಅಮ್ಮನ ಬೆನ್ನು ನಡುಗುವುದನ್ನು ನೋಡುತ್ತಾ ನಿಂತುಬಿಟ್ಟೆ. ನನ್ನನ್ನು ನೂಕಿ ಒಳಗೆ ಬಂದವಳು ಅಜ್ಜಿ. ಮೊಸರು ಕಡೆಯುವ ಕಡಗೋಲು ಎತ್ತಿ, ಅಮ್ಮನ ಮಣಿಕಟ್ಟಿನ ಮೇಲೆ ಇದ್ದ ಬಲವನ್ನೆಲ್ಲ ಬಿಟ್ಟು ಹೊಡೆದಳು. ಒಂದು, ಎರಡು. ಮೂರನೆಯ ಏಟಿಗೆ ಕೈ ತಗಡಿನಿಂದ ಬಿಟ್ಟುಬಂದು ಅಮ್ಮ ನೆಲಕ್ಕೆ ಬಿದ್ದಳು. ಆಸ್ಪತ್ರೆಯಲ್ಲಿ ಹೃದಯಕ್ಕೆ ಏನೂ ಆಗಿಲ್ಲವೆಂದರು. ಮಣಿಕಟ್ಟಿನ ಮೂಳೆ ಮಾತ್ರ ಮುರಿದಿತ್ತು. ಅಂಗೈ ಸುಟ್ಟಿತ್ತು. ಮನೆಗೆ ಬಂದ ಸಂಜೆ ಅಜ್ಜಿ ದೀಪ ಹಾಕಲಿಲ್ಲ. ಅಂಗಡಿಯಿಂದ ಬಂದ ಅಪ್ಪನಿಗೆ ಕತ್ತಲಲ್ಲೇ ಹೇಳಿದಳು: "ಯಾರನ್ನಾರ ಕರ್ಕೊಂಡ್ ಬಾ. ಎಲ್ಲಾ ಕೀಳ್ಸು."

ಹಾಗೆ ಬಂದವರು ವರ್ಗೀಸ್. ತೊರಪಳ್ಳಿಯವರು, ಐವತ್ತು ದಾಟಿದವರು. ಮಲಯಾಳವನ್ನೂ ತಮಿಳನ್ನೂ ಕಲಸಿದ ಕನ್ನಡ ಅವರದು. ಬಂದವರೇ ಕೆಲಸಕ್ಕೆ ಕೈ ಹಾಕಲಿಲ್ಲ. ಏಣಿ ಹತ್ತಿ ಒಂದೊಂದು ತೊಲೆಯನ್ನೂ ಸವರಿಕೊಂಡು ಮನೆಯೆಲ್ಲ ತಿರುಗಿದರು. ಅಜ್ಜಿ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಅವರು ಏಣಿಯ ಮೇಲಿಂದಲೇ ಕೇಳಿದರು.

"ಅಮ್ಮಚ್ಚಿ, ಇದು ಆರು... ಯಾರು ಮಾಡಿದ್ದು?"

ಅಪ್ಪ ಬಾಗಿಲಲ್ಲಿ ಕಲ್ಲಾದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅಮ್ಮ ತಲೆ ಎತ್ತಿದಳು.

"ನನ್ ಮಗ," ಅಂದಳು ಅಜ್ಜಿ.

ವರ್ಗೀಸ್ ಇಳಿದು ಬಂದು, ಒಂದು ತುಂಡು ವಯರನ್ನು ಅಜ್ಜಿಯ ಮುಂದೆ ಹಿಡಿದು, ಮೇಲಿನ ಟೇಪನ್ನು ಉಗುರಿನಿಂದ ಬಿಡಿಸಿದರು. ಒಳಗೆ ತಾಮ್ರದ ಎಳೆಗಳು ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿದ್ದವು. "ನೋಡಿ ಅಮ್ಮಚ್ಚಿ. ಒಳ್ಳೆ ಕೈ. ಒಂದು ಜಾಯಿಂಟೂ ಸಡಿಲ ಇಲ್ಲ." ಆಮೇಲೆ ರಬ್ಬರನ್ನು ಬೆರಳಲ್ಲಿ ಹಿಸುಕಿದರು. ಅದು ಒಣಗಿದ ರೊಟ್ಟಿಯಂತೆ ಪುಡಿಯಾಗಿ ಅಜ್ಜಿಯ ಮಡಿಲಿಗೆ ಉದುರಿತು. "ಮಗನ ತಪ್ಪಲ್ಲ. ರಬ್ಬರಿಗೆ ವಯಸ್ಸಾಯ್ತು. ಅವನಿದ್ದಿದ್ರೆ ಅವನೇ ಮಾತ್ತಿ ಬಿಡ್ತಿದ್ದ." ಬದಲಾಯಿಸುವುದಕ್ಕೆ ಅವರ ಭಾಷೆಯಲ್ಲಿ ಹಾಗನ್ನುತ್ತಾರೆ. ಅಜ್ಜಿ ಮಡಿಲನ್ನು ಕೊಡವಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಕಾಫಿ ಕುಡೀತೀರಾ?" ಅಂದಳು.

ಎಂಟು ದಿನ ಕೆಲಸ ನಡೆಯಿತು. ವರ್ಗೀಸ್ ಒಬ್ಬರೇ ಮಾಡಿದರು, ಅವಸರವಿಲ್ಲದೆ. ಪಟ್ಟಿಗಳು ಕಿತ್ತುಬಂದ ಕಡೆಯೆಲ್ಲ ತೊಲೆಯ ಮೇಲೆ ಬಿಳಿಯ ಗೆರೆ ಉಳಿಯಿತು. ಬಚ್ಚಲ ಹಿಂದೆ, ಸೋರಿದ ಕರೆಂಟು ನೆಲಕ್ಕಿಳಿಯುವ ಅರ್ತಿಂಗಿಗೆಂದು ಆಳದ ಗುಂಡಿ ತೋಡಿ, ತಳಕ್ಕೆ ಇದ್ದಿಲೂ ಉಪ್ಪೂ ಬೇಕೆಂದರು. ಅಪ್ಪ ಅಂಗಡಿಯಿಂದ ಕಲ್ಲುಪ್ಪಿನ ಮೂಟೆಯನ್ನೇ ಹೊತ್ತು ತಂದರು. ಅವರು ಅಷ್ಟು ಲಗುಬಗೆಯಿಂದ ಏನನ್ನಾದರೂ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಂಟನೆಯ ಸಂಜೆ ಅಡುಗೆಮನೆಗೆ ಟ್ಯೂಬ್‌ಲೈಟು ಬಂತು. ಅಲ್ಲಿಯವರೆಗೆ ಅಲ್ಲಿದ್ದದ್ದು ಹೊಗೆ ಹಿಡಿದ ಹಳದಿ ಬಲ್ಬು. ವರ್ಗೀಸ್ ಹೊಸ ಸ್ವಿಚ್ಚನ್ನು ಅಜ್ಜಿಯ ಕೈಯಿಂದಲೇ ಹಾಕಿಸಿದರು. ಟ್ಯೂಬು ಎರಡು ಸಲ ಮಿಣುಕಿ ಉರಿಯಿತು. ಗೋಡೆಯ ಮಸಿ, ಡಬ್ಬಗಳ ತುಕ್ಕು, ಒಲೆಯ ಬಳಿ ಎಡಗೈಯಲ್ಲಿ ಸಾರು ತಿರುವುತ್ತಿದ್ದ ಅಮ್ಮ, ಎಲ್ಲವೂ ಒಮ್ಮೆಲೇ ಎದುರಿಗೆ ಬಂತು. ಅಜ್ಜಿ ಕೈಮುಗಿಯಲು ಹೋದವಳು ಹಾಗೇ ನಿಂತು ಅಮ್ಮನನ್ನೇ ನೋಡಿದಳು. ಹತ್ತಿರ ಹೋಗಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅಮ್ಮನಿಗೆ ಆಗ ಮೂವತ್ತನಾಲ್ಕು. ಕಣ್ಣಿನ ಸುತ್ತ ಕಪ್ಪಾಗಿತ್ತು, ಬೈತಲೆಯ ಇಕ್ಕೆಲದಲ್ಲೂ ನರೆ.

"ಯಾವಾಗ್ಲೇ ಇಷ್ಟ್ ಸೊರಗ್ ಹೋದೆ?" ಅಂದಳು ಅಜ್ಜಿ.

 ಅಜ್ಜಿ ಅವಳ ಕೈಯಿಂದ ಸೌಟು ತೆಗೆದುಕೊಂಡು, ಅವಳನ್ನು ನೆಲದ ಮೇಲೆ ಕೂರಿಸಿ, ತಟ್ಟೆ ಇಟ್ಟು, ಮೊದಲ ಬಾರಿಗೆ ಸೊಸೆಗೆ ತಾನು ಬಡಿಸಿದಳು. ಅಮ್ಮ ಎಡಗೈಯಲ್ಲಿ, ತುತ್ತು ಚೆಲ್ಲುತ್ತಾ, ತಲೆ ತಗ್ಗಿಸಿಕೊಂಡು ಉಂಡಳು. ಅಜ್ಜಿ ಎದುರಿಗೆ ಕೂತು, ಅವಳು ಉಣ್ಣುವುದನ್ನು ಕೊನೆಯ ತುತ್ತಿನವರೆಗೂ ನೋಡಿದಳು. ಇಬ್ಬರೂ ಈಗಿಲ್ಲ.