ಅರ್ಧ ಸುರುಳಿಯ ಲೆಕ್ಕ

ಮೊನ್ನೆ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಗೀಸರ್ ಹಾಕಿದಾಗ ಸ್ವಿಚ್ ಬೋರ್ಡಿನಿಂದ ಸಣ್ಣಗೆ ಸುಟ್ಟ ವಾಸನೆ ಬಂತು. ಕೈ ತಾನಾಗಿ ಗೋಡೆಗೆ ಹೋಯಿತು. ಅಂಗೈ ಅಲ್ಲ, ಬೆರಳುಗಳ ಹಿಂಬದಿ, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ. ಅದು ಹಿಂದೆ ಪಕ್ಕದ ಮನೆಯಲ್ಲಿದ್ದ ಮಾಮ ಕಲಿಸಿದ ಅಭ್ಯಾಸ...

ಆಗ ನಾನು ಬೂದಿಕೋಟೆಯಿಂದ ಬಂದು ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ ಕಾರ್ಮಿಕರ ಸಾಲಿನ ಅಕ್ಕನ ಲೈನ್ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ, ಫಿಸಿಕ್ಸಿನಲ್ಲಿ ಡುಮ್ಕಿ ಹೊಡೆದು ಕೂತಿದ್ದೆ ಅನ್ನುವುದೇ ಸರಿ. ಅಲ್ಲಿ ಪಕ್ಕದ ಮನೆಯ ಮಾಮ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ತೆಲುಗು. ಅವರ ತೆಲುಗನ್ನು ನಾನು ಕೇಳಿದ್ದು ತೀರಾ ಕಡಿಮೆ.

ನಮ್ಮ ಲೈನಿನಲ್ಲಿ ಎಲ್ಲರದೂ ಕರೆಂಟ್ ಒಲೆ. ಮಣ್ಣಿನ ತಟ್ಟೆ, ಅದರ ಗೀರುಗಳಲ್ಲಿ ತಂತಿಯ ಸುರುಳಿ. ಸುರುಳಿ ತುಂಡಾದರೆ ಯಾರೂ ಹೊಸದು ತರುತ್ತಿರಲಿಲ್ಲ. ಸುಟ್ಟ ತುದಿ ಮುರಿದು ಬಿಸಾಕಿ, ಉಳಿದದ್ದನ್ನು ಎಳೆದು ಕೊಕ್ಕೆ ಹಾಕಿ ಸೇರಿಸುತ್ತಿದ್ದರು. ಪ್ರತಿ ಸಲವೂ ಒಲೆ ಇನ್ನಷ್ಟು ಕೆಂಪಾಗುತ್ತಿತ್ತು. ಅಕ್ಕನಿಗೆ ಅದೇ ಹೆಮ್ಮೆ.

"ಈಗ ಹಾಲು ಬೇಗ ಕಾಯ್ತೈತೆ ಮಾಮ," ಅಂದಳು ಒಮ್ಮೆ.

"ಗೋಡೇನೂ ಕಾಯ್ತೈತಮ್ಮ," ಅಂದರು ಮಾಮ, ಬೆರಳುಗಳ ಹಿಂಬದಿಯನ್ನು ಗೋಡೆಗೆ ತಾಗಿಸಿ. ಲೈನಿನಲ್ಲಿ ಯಾರ ಮನೆಗೆ ಹೋದರೂ ಅವರು ಹೀಗೇ ಗೋಡೆ ಮುಟ್ಟಿ ನೋಡುತ್ತಿದ್ದರು.

ಅಂದೇ ಮೀಟರ್ ತಂದು ನನ್ನನ್ನು ಕೂರಿಸಿಕೊಂಡರು. ತಮ್ಮ ಮನೆಯ ಹೊಸ ಸುರುಳಿಗೆ ಹಚ್ಚಿ ತೋರಿಸಿದರು. ಇನ್ನೂರ ಇಪ್ಪತ್ತು ವೋಲ್ಟ್, ಐದು ಆಂಪಿಯರ್. ಭಾಗಿಸಿದರೆ ನಲವತ್ತನಾಲ್ಕು ಓಮ್, ಗುಣಿಸಿದರೆ ಸಾವಿರದ ನೂರು ವಾಟ್. ಸುರುಳಿ ಅರ್ಧವಾದರೆ ಎಂದು ಕೇಳಿದರು. ಕಾವೂ ಅರ್ಧ ಅಂದೆ. ಅವರು ನಗಲಿಲ್ಲ, ಮತ್ತೆ ನನ್ನಿಂದಲೇ ಭಾಗಾಕಾರ ಮಾಡಿಸಿದರು. ಓಮ್ ಇಪ್ಪತ್ತೆರಡಕ್ಕೆ ಇಳಿಯಿತು, ಆಂಪಿಯರ್ ಹತ್ತಕ್ಕೆ ಏರಿತು, ವಾಟ್ ಎರಡು ಸಾವಿರದ ಇನ್ನೂರಾಯಿತು.

"ಸುರುಳಿ ಕುಳ್ಳಾದಷ್ಟೂ ಜಾಸ್ತಿ ತಿನ್ತದೆ ಕಣಮ್ಮ. ಗೋಡೆಯೊಳಗಿನ ವೈರು ಐದನ್ನಷ್ಟೇ ತಡೀತದೆ."

ಮಾಮ ಶಿಫ್ಟಿಗೆ ಹೋಗಿದ್ದ ಒಂದು ಮಧ್ಯಾಹ್ನ ಸುರುಳಿ ಮತ್ತೆ ತುಂಡಾಯಿತು. ಅಕ್ಕ ಸೇರಿಸಿದಳು. ಫ್ಯೂಸ್ ಹೋಯಿತು. ಅದಕ್ಕೂ ದಪ್ಪ ತಂತಿ ಸುತ್ತಿ ಹಾಲಿಟ್ಟಳು. ಬೋರ್ಡಿನ ಕೆಳಗೇ ಅಕ್ಕನ ಮಗುವಿನ ತೊಟ್ಟಿಲು. ನಾನು ಒಲೆ ನೋಡಿದೆ. ಸುರುಳಿ ಉಳಿದಿದ್ದದ್ದು ಹೆಚ್ಚೆಂದರೆ ಅರ್ಧ. ಗೋಡೆಗೆ ಬೆರಳು ತಾಗಿಸಿದವಳೇ ಹಿಂದಕ್ಕೆಳೆದುಕೊಂಡೆ. ಮೇನ್ ಆರಿಸಿ ಮಗುವನ್ನೆತ್ತಿಕೊಂಡು ಹೊರಗೆ ಓಡಿದೆ.

"ಯಾಕೇ ಆರಿಸ್ದೆ? ಹಾಲು ಒಡ್ದೋಯ್ತದೆ," ಅಂತ ಅಕ್ಕ ಸಂಜೆವರೆಗೂ ಮುಖ ಊದಿಸಿಕೊಂಡಿದ್ದಳು.

ಸಂಜೆ ಮಾಮ ಬೋರ್ಡ್ ಬಿಚ್ಚಿದರು. ವೈರಿನ ಸಿಪ್ಪೆ ಕರಗಿತ್ತು, ಹಿಂದಿನ ಹಲಗೆ ಇದ್ದಿಲಾಗಿತ್ತು. ಅಕ್ಕ ಮಗುವನ್ನು ಅವುಚಿಕೊಂಡಳು. ಮಾಮ ನನ್ನತ್ತ ತಿರುಗಿದರು.

"ಎಷ್ಟು ಬಂತು?"

"ಹತ್ತು ಆಂಪಿಯರ್, ಮಾಮ."

"ನೀನು ಪಾಸ್, ಬಿಡಮ್ಮ."

ಪರೀಕ್ಷೆಯಲ್ಲೂ ಪಾಸಾದೆ. ಆದರೆ ನನಗೆ ಲೆಕ್ಕಕ್ಕಿರುವುದು ಆ ಸಂಜೆಯ ಪಾಸೇ.

ಮುಂದೆ ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮಾಮ ನಿವೃತ್ತಿಯಾಗಿ ಕಾಮಸಮುದ್ರದ ಮಗಳ ಮನೆ ಸೇರಿದರು. ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಅದು? ಈ ಭಾನುವಾರ, ಬರುವ ಭಾನುವಾರ ಅನ್ನುತ್ತಲೇ ಇದ್ದೆ... ಎಂಟು ದಿನ ಜ್ವರ ಬಂದು ಹೋಗಿಬಿಟ್ಟರು ಎಂದು ಅಕ್ಕ ಹೇಳಿದಾಗ ತಿಥಿಯೂ ಮುಗಿದಿತ್ತು.

ಗೀಸರ್ ಆರಿಸಿ ತುಂಬ ಹೊತ್ತಾಗಿದ್ದರೂ ನಾನು ಗೋಡೆಯಿಂದ ಕೈ ತೆಗೆದಿರಲಿಲ್ಲ. ನಮ್ಮೆಲ್ಲರ ಗೋಡೆಗಳನ್ನು ಮುಟ್ಟಿ ನೋಡಿದವರ ಹಣೆಯನ್ನು ಒಂದು ಸಲ ಮುಟ್ಟಿ ನೋಡಲು ನಾನು ಹೋಗಲಿಲ್ಲ.